ಒಂಬತ್ತನೆಯ ತರಗತಿಯ ಮಗಳಿಗೆ ಗಣಿತದ ಮನೆಪಾಠ: ಹಾಸನದಲ್ಲಿ ನಾನು ಹುಡುಕಿದ ಬಗೆ

ನಾವು ಆಲೂರು ತಾಲ್ಲೂಕಿನ ಹಳ್ಳಿಯವರು. ಎರಡೆಕರೆ ಕಾಫಿ, ಅದರೊಳಗೆ ಮೆಣಸು, ಕೆಳಗೆ ಸ್ವಲ್ಪ ಗದ್ದೆ. ಮಕ್ಕಳ ಓದಿಗಾಗಿ ಎರಡು ವರ್ಷದ ಹಿಂದೆ ನಾನು ಮಗಳು ಮತ್ತು ಮಗನನ್ನು ಕರೆದುಕೊಂಡು ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದೆ. ನಮ್ಮ ಯಜಮಾನರು ತೋಟ ನೋಡಿಕೊಂಡು ಊರಲ್ಲೇ ಉಳಿದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಮಗಳು ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂಟನೆಯ ತರಗತಿಗೆ ಇಲ್ಲಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಇಲ್ಲಿ ಬರೆಯುತ್ತಿರುವುದು ಅವಳಿಗೆ ಗಣಿತ ಹೇಳಿಕೊಡುವವರನ್ನು ಹುಡುಕಲು 2024ರ ಜುಲೈನಿಂದ ಡಿಸೆಂಬರ್‌ವರೆಗೆ ನಾನು ಪಟ್ಟ ಪಾಡು. ನಮ್ಮ ಹಾಗೆಯೇ ಹಳ್ಳಿಯಿಂದ ಬಂದು ಇಲ್ಲಿ ಮಕ್ಕಳನ್ನು ಓದಿಸುತ್ತಿರುವ ತಾಯಂದಿರು ನನಗೆ ಗೊತ್ತಿರುವವರೇ ಹತ್ತಾರು ಮಂದಿ ಇದ್ದಾರೆ. ಅವರ ಹಣ ಮತ್ತು ಮಕ್ಕಳ ತಿಂಗಳುಗಳು ನಮ್ಮವುಗಳ ಹಾಗೆ ಹೋಗಬಾರದು.

ಜುಲೈ ಕೊನೆಯ ವಾರ ಎಫ್‌ಎ-1, ಅಂದರೆ ಶಾಲೆಯ ವರ್ಷದ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂತು. ಗಣಿತದಲ್ಲಿ 20ಕ್ಕೆ 5. ಎಂಟನೆಯ ತರಗತಿಯಲ್ಲೂ ಅಂಕ ಇಳಿದಿತ್ತು, ಆದರೆ ಹೊಸ ಶಾಲೆ, ಹೊಸ ಭಾಷೆ, ಹೊಂದಿಕೊಳ್ಳುತ್ತಾಳೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಊರಿನ ಶಾಲೆಯಲ್ಲಿ ಲೆಕ್ಕಕ್ಕೆ ಇವಳೇ ಮುಂದಿದ್ದಳು ಎಂಬುದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆ ಪತ್ರಿಕೆಯನ್ನು ಅವಳು ಬ್ಯಾಗಿನ ತಳದಲ್ಲಿ ನಾಲ್ಕಾಗಿ ಮಡಿಸಿ ಇಟ್ಟುಕೊಂಡಿದ್ದಳು. ನಾನು ಬಿಡಿಸಿ ನೋಡಿದಾಗ ಅಳಲಿಲ್ಲ, "ನಂಗೆ ಲೆಕ್ಕ ಬರಲ್ಲ ಅಮ್ಮ" ಎಂದು ಮಾತ್ರ ಹೇಳಿದಳು. ನಾನು ಓದಿರುವುದು ಪಿಯುಸಿ, ಅದೂ ಕಲಾ ವಿಭಾಗದಲ್ಲಿ, ಕನ್ನಡದಲ್ಲಿ. ಪುಸ್ತಕ ತೆಗೆದು ಪಕ್ಕದಲ್ಲಿ ಕೂತರೂ ನನ್ನಿಂದ ಆಗುವುದೇನೂ ಇರಲಿಲ್ಲ.

ಮೊದಲು ಹೋದದ್ದು ಶಾಲೆಯ ಗಣಿತದ ಮೇಡಂ ಬಳಿಗೆ. ಅವರೇ ಮನೆಯಲ್ಲಿ ಪಾಠ ಹೇಳಿಕೊಟ್ಟರೆ ಎಲ್ಲದಕ್ಕಿಂತ ಒಳ್ಳೆಯದು ಎಂಬುದು ನನ್ನ ಲೆಕ್ಕ. ಅವರು ನೇರವಾಗಿ ಆಗುವುದಿಲ್ಲವೆಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಂ ಪ್ರಕಾರ ಶಾಲೆಯಲ್ಲಿ ಕೆಲಸ ಮಾಡುವ ಯಾವ ಶಿಕ್ಷಕರೂ ಖಾಸಗಿ ಪಾಠ ಮಾಡುವಂತಿಲ್ಲ ಎಂಬುದು ನನಗೆ ತಿಳಿದದ್ದು ಆವತ್ತೇ. ಆಗ ಸ್ವಲ್ಪ ಬೇಸರವಾಯಿತು, ಆದರೆ ಯೋಚಿಸಿದರೆ ಅದು ಸರಿಯಾದ ನಿಯಮವೇ. ತರಗತಿಯಲ್ಲಿ ಅಂಕ ಕೊಡುವವರೇ ಸಂಜೆ ಹಣ ತೆಗೆದುಕೊಂಡು ಪಾಠ ಹೇಳಿದರೆ ಹಣ ಕೊಡಲಾಗದವರ ಮಕ್ಕಳ ಗತಿ ಏನು? ನೀವೂ ಈ ದಾರಿಯಲ್ಲಿ ಹೋಗಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಆದರೆ ಅವರ ಬಳಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ನಾನು ಕೇಳದೆ ಎದ್ದು ಬಂದೆ: ನನ್ನ ಮಗುವಿಗೆ ನಿರ್ದಿಷ್ಟವಾಗಿ ಯಾವುದು ಬರುವುದಿಲ್ಲ, ಎಲ್ಲಿಂದ ಬರುವುದಿಲ್ಲ?

ಆಗಸ್ಟ್ ಮೊದಲ ವಾರ, ಪೇಟೆಯೊಳಗಿನ ಒಂದು ಟ್ಯೂಷನ್ ಸೆಂಟರಿಗೆ ಸೇರಿಸಿದೆ. ಮಗಳ ತರಗತಿಯ ಮೂರ್ನಾಲ್ಕು ಮಕ್ಕಳು ಅಲ್ಲಿಗೆ ಹೋಗುತ್ತಿದ್ದರು ಎಂಬುದೊಂದೇ ಆಧಾರ. ಹಾಸನ ಜಿಲ್ಲೆ 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದದ್ದನ್ನು ಇಲ್ಲಿಯ ಜನ ಇನ್ನೂ ಮರೆತಿಲ್ಲ. ಒಂಬತ್ತನೆಯ ತರಗತಿಯಿಂದಲೇ ಮಕ್ಕಳನ್ನು ಎಲ್ಲಿಗಾದರೂ ಸೇರಿಸಲೇಬೇಕೆಂಬ ಒತ್ತಡ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಇದೆ, ನಾನೂ ಅದಕ್ಕೆ ಒಳಗಾದೆ. ಗಣಿತ ಮತ್ತು ವಿಜ್ಞಾನ ಸೇರಿ ವರ್ಷಕ್ಕೆ 14,000 ರೂಪಾಯಿ, ಒಟ್ಟಿಗೆ ಕಟ್ಟಿದರೆ 12,000 ಎಂದರು. ತೋಟದವರಿಗೆ ಮಳೆಗಾಲವೆಂದರೆ ಕೈಯಲ್ಲಿ ಕಾಸಿಲ್ಲದ ಕಾಲ. ಕಾಫಿ ಹಣ ಬರುವುದು ಜನವರಿಯ ನಂತರ. ಯಜಮಾನರು ಬೆಲೆ ಏರಲೆಂದು ಇಟ್ಟುಕೊಂಡಿದ್ದ ಮೆಣಸನ್ನು ಮಾರಿ ಹಣ ಕಳಿಸಿದರು. ಆ 2,000 ರೂಪಾಯಿಯ ಆಸೆಗೆ ನಾನು ಇಡೀ ವರ್ಷದ ಹಣವನ್ನು ಒಂದೇ ಸಲ ಕಟ್ಟಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ತಿಂಗಳು ತಿಂಗಳು ಕಟ್ಟುತ್ತೇನೆ, ಹೆಚ್ಚಾದರೂ ಚಿಂತೆಯಿಲ್ಲ ಎಂದು ಹೇಳಿ. ಅದಕ್ಕೆ ಒಪ್ಪದಿದ್ದರೆ ಮುಂದಿನ ಬಾಗಿಲು ನೋಡಿ.

ಮೂರನೆಯ ಮಹಡಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಮೆಟ್ಟಿಲು, ಒಂದೇ ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ಸೇರಿಸುವ ದಿನ ನನ್ನನ್ನು ಕೂರಿಸಿದ್ದು ಕೆಳಗಿನ ಕಚೇರಿಯಲ್ಲಿ. ಕೋಣೆಯನ್ನು ನಾನು ನೋಡಿದ್ದು ಎರಡು ವಾರದ ಮೇಲೆ, ಜೋರು ಮಳೆಯಲ್ಲಿ ಛತ್ರಿ ತೆಗೆದುಕೊಂಡು ಹೋದಾಗ. ಮಗಳು ಕೊನೆಯ ಬೆಂಚಿನ ತುದಿಯಲ್ಲಿ ಬೋರ್ಡಿನಲ್ಲಿದ್ದುದನ್ನು ಬರೆದುಕೊಳ್ಳುತ್ತಿದ್ದಳು. ಪಾಠ ಮಾಡುತ್ತಿದ್ದವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಅರ್ಥವಾಗದ ಅಧ್ಯಾಯವನ್ನೇ ಸಂಜೆ ಇನ್ನೂ ವೇಗವಾಗಿ, ಇನ್ನೂ ಹೆಚ್ಚು ಮಕ್ಕಳ ನಡುವೆ ಕೇಳಿ ಬರುತ್ತಿದ್ದಳು. ಮನೆಗೆ ಬರುವಾಗ ಎಂಟೂಕಾಲು, ಊಟ ಮಾಡುತ್ತಲೇ ತೂಕಡಿಸುತ್ತಿದ್ದಳು. ನಾಲ್ಕನೆಯ ವಾರಕ್ಕೆ ಬಿಡಿಸಿದೆ.

ಉಳಿದ ಹಣ ಕೇಳಲು ಹೋದದ್ದು ಇನ್ನೊಂದು ಅಧ್ಯಾಯ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆಯೆಂದೂ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂತಿರುಗಿಸಬೇಕೆಂದೂ, ಪ್ರತಿ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಇರಬೇಕೆಂದೂ, ಪಾಠ ಮಾಡುವವರು ಕನಿಷ್ಠ ಪದವೀಧರರಾಗಿರಬೇಕೆಂದೂ ಅದರಲ್ಲಿದೆಯೆಂದು ಪರಿಚಯದ ವಕೀಲರೊಬ್ಬರು ಹೇಳಿದ್ದರು. 16 ವರ್ಷದೊಳಗಿನ ಮಕ್ಕಳನ್ನು ಅಂಥ ಕೇಂದ್ರಗಳು ಸೇರಿಸಿಕೊಳ್ಳಲೇಬಾರದು ಎಂಬ ಮಾತೂ ಅದರಲ್ಲಿದೆ. ಅದನ್ನು ಮುದ್ರಿಸಿಕೊಂಡು ಹೋಗಿ ಮುಂದಿಟ್ಟೆ. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಮಾತ್ರ, ನಮ್ಮಲ್ಲಿ ಅಷ್ಟು ಜನ ಇಲ್ಲ ಎಂದು ಅಲ್ಲಿಯವರು ಉತ್ತರಿಸಿದರು. ಮಾರ್ಗಸೂಚಿಯಲ್ಲಿ ಆ ಮಿತಿ ಇರುವುದು ನಿಜ, ಮನೆಯ ಜಗಲಿಯಲ್ಲಿ ಹತ್ತು ಮಕ್ಕಳಿಗೆ ಹೇಳಿಕೊಡುವವರನ್ನು ಅದು ಮುಟ್ಟುವುದಿಲ್ಲ. ಅವರಲ್ಲಿ ಎಲ್ಲ ತಂಡಗಳೂ ಸೇರಿ ಎಷ್ಟು ಮಕ್ಕಳಿದ್ದರು ಎಂದು ಎಣಿಸಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾಲ್ಕು ಸಲ ಹತ್ತಿ ಇಳಿದ ಮೇಲೆ 6,000 ರೂಪಾಯಿ ಕೊಟ್ಟರು. ಅದಾದರೂ ಸಿಕ್ಕಿದ್ದು ನನ್ನ ಬಳಿ ರಸೀದಿ ಇತ್ತು, ಹಣ ಫೋನ್‌ಪೇ ಮೂಲಕ ಹೋಗಿತ್ತು ಎಂಬ ಕಾರಣಕ್ಕೆ. ನಗದು ಕೊಟ್ಟು ರಸೀದಿ ಪಡೆಯದ ಇನ್ನೊಬ್ಬ ತಾಯಿ ನನ್ನ ಜೊತೆಯಲ್ಲೇ ಬರಿಗೈಯಲ್ಲಿ ಮೆಟ್ಟಿಲು ಇಳಿದರು.

ಸೆಪ್ಟೆಂಬರ್‌ನಲ್ಲಿ ಮನೆಗೇ ಬಂದು ಹೇಳಿಕೊಡುವವರನ್ನು ನೋಡಿದೆವು. ಸಾಲಗಾಮೆ ರಸ್ತೆಯಲ್ಲಿ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ನಮ್ಮ ಸುತ್ತಮುತ್ತ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಜೆರಾಕ್ಸ್ ಅಂಗಡಿಯವರು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪರಿಚಯ ಮಾಡಿಕೊಟ್ಟರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ತಿಂಗಳಿಗೆ 3,000 ರೂಪಾಯಿ. ಹೆಣ್ಣು ಮಗು ಇರುವ ಮನೆಗೆ ಪರಿಚಯವಿಲ್ಲದ ಹುಡುಗನನ್ನು ಕರೆಸುವುದೆಂದರೆ ನನಗೆ ರಾತ್ರಿಯಿಡೀ ಯೋಚನೆ. ಗುರುತಿನ ಚೀಟಿ ಕೇಳುವುದು ಹೇಗೆ, ತಪ್ಪು ತಿಳಿದುಕೊಂಡರೆ ಎಂದು ಹಿಂಜರಿಯುತ್ತಿದ್ದಾಗ ಯಜಮಾನರು ಫೋನಿನಲ್ಲೇ ಗಟ್ಟಿಯಾಗಿ ಹೇಳಿದರು: "ಕೇಳು. ಒಳ್ಳೆ ಹುಡುಗ ಆದ್ರೆ ಬೇಜಾರು ಮಾಡ್ಕೊಳಲ್ಲ." ಹಾಗೆಯೇ ಆಯಿತು. ಕಾಲೇಜಿನ ಗುರುತಿನ ಚೀಟಿಯ ಪ್ರತಿ, ಆಧಾರ್ ಪ್ರತಿ, ತಂದೆಯ ಫೋನ್ ನಂಬರು ಎಲ್ಲವನ್ನೂ ಕೇಳಿದ ಕೂಡಲೇ ಕೊಟ್ಟರು. ಪಾಠ ನಡೆಯುವುದು ಹಾಲಿನಲ್ಲಿ, ಬಾಗಿಲು ತೆರೆದು, ನಾನು ಮನೆಯಲ್ಲಿದ್ದಾಗ ಮಾತ್ರ, ಮಗಳ ಫೋನಿಗೆ ನೇರ ಸಂದೇಶ ಇಲ್ಲ ಎಂಬ ನಾಲ್ಕು ಮಾತುಗಳನ್ನು ಮೊದಲ ದಿನವೇ ಹೇಳಿದೆ. ಯಾರೇ ಬರಲಿ, ಹೆಂಗಸರೇ ಬರಲಿ, ಗಂಡುಮಗುವಿಗೇ ಪಾಠವಾಗಲಿ, ಈ ನಾಲ್ಕನ್ನು ಹೇಳಿ. ಮಗುವಿಗೂ ಬೇರೆಯಾಗಿ ಕೂರಿಸಿ, ಯಾವುದೇ ಮಾತಾಗಲಿ ನಡೆಯಾಗಲಿ ಇರುಸುಮುರುಸಾದರೆ ಪಾಠ ಅರ್ಧಕ್ಕೆ ನಿಲ್ಲಿಸಿ ಎದ್ದು ಬರಬಹುದು, ಅಮ್ಮ ಬೈಯುವುದಿಲ್ಲ ಎಂದು ಹೇಳಿರಬೇಕು. ನಾನು ಹೇಳಿದಾಗ ಮಗಳ ಮುಖ ಹಗುರವಾದದ್ದನ್ನು ಕಂಡೆ.

ಆ ಹುಡುಗ ಒಳ್ಳೆಯವನು, ಬುದ್ಧಿವಂತ, ಸಮಯಕ್ಕೆ ಸರಿಯಾಗಿ ಬರುತ್ತಿದ್ದ. ಆದರೂ ಪಾಠ ಫಲಿಸಲಿಲ್ಲ. ಲೆಕ್ಕ ಕಂಡ ಕೂಡಲೇ ಅವನ ಕೈ ತಾನಾಗಿ ಓಡುತ್ತಿತ್ತು, ಮಧ್ಯದ ಎರಡು ಹಂತ ಅವನಿಗೆ ಬೇಕಾಗುತ್ತಲೇ ಇರಲಿಲ್ಲ. ಮಗಳ ನೋಟ್‌ಬುಕ್ಕಿನ ತುಂಬ ಸರಿಯುತ್ತರಗಳು. ಅದನ್ನು ನೋಡಿ ನಾನು ನೆಮ್ಮದಿಯಾಗಿದ್ದೆ. ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯ ಅಂಕ ರಜೆ ಮುಗಿದ ಮೇಲೆ ಬಂತು: 80ಕ್ಕೆ 23. ನೋಟ್‌ಬುಕ್ಕಿನಲ್ಲಿದ್ದ ಕೈಬರಹ ಮಗಳದು, ಲೆಕ್ಕ ಅವನದು. ಅಷ್ಟರಲ್ಲಿ ಅವನಿಗೂ ಪರೀಕ್ಷೆ ಮತ್ತು ಕೆಲಸದ ಸಂದರ್ಶನಗಳು ಬಂದವು. ಕೊನೆಯ ಹದಿನೈದು ದಿನದ ಹಣವನ್ನು ತಾನಾಗಿ ಹಿಂತಿರುಗಿಸಿ, ಕ್ಷಮೆ ಕೇಳಿ ಹೋದ. ಕಾಲೇಜು ವಿದ್ಯಾರ್ಥಿಗಳನ್ನು ಗೊತ್ತುಮಾಡುವವರು ಅವರ ಪರೀಕ್ಷೆಯ ವೇಳಾಪಟ್ಟಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಮ್ಮ ಮಕ್ಕಳ ಪರೀಕ್ಷೆಯ ಹೊತ್ತಿಗೇ ಅವರದೂ ಬರುವುದುಂಟು.

ಆ ರಜೆಯ ದಿನಗಳಲ್ಲೇ ಇನ್ನೊಂದು ಕೈತಪ್ಪಿ ಹೋಗುವುದರಲ್ಲಿತ್ತು. ಮೊಬೈಲಿನಲ್ಲಿ ಉಚಿತ ಪರೀಕ್ಷೆ ಎಂದು ಮಗಳು ಒಂದು ಆಪ್‌ನಲ್ಲಿ ನನ್ನ ನಂಬರು ಕೊಟ್ಟಿದ್ದಳು. ಮಾರನೆಯ ದಿನದಿಂದ ಕರೆಗಳು. ನಿಮ್ಮ ಮಗಳು ಬಹಳ ಹಿಂದಿದ್ದಾಳೆ, ಈಗಲೇ ಸರಿಪಡಿಸದಿದ್ದರೆ ಹತ್ತನೆಯ ತರಗತಿಯಲ್ಲಿ ಕಷ್ಟ ಎಂದು ಹೆದರಿಸಿ, ಎರಡು ವರ್ಷದ ಪಾಠಕ್ಕೆ ತಿಂಗಳಿಗೆ ಇಷ್ಟೇ ಕಂತು ಎಂದು ಒಪ್ಪಿಸುವ ಹಂತಕ್ಕೆ ತಂದಿದ್ದರು. ಕಂತು ಎಂದರೆ ಅದು ನಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಯಿಂದ ತೆಗೆಯುವ ಸಾಲ, ಪಾಠ ನಿಲ್ಲಿಸಿದರೂ ಸಾಲ ನಿಲ್ಲುವುದಿಲ್ಲ ಎಂಬುದು ಪ್ಯಾನ್ ನಂಬರು ಕೇಳಿದಾಗಲಷ್ಟೇ ನನಗೆ ಹೊಳೆಯಿತು. ಓಟಿಪಿ ಕೊಡದೆ ಫೋನ್ ಇಟ್ಟೆ. ಮಗುವಿನ ಬಗ್ಗೆ ಹೆದರಿಕೆ ಇರುವಾಗ ಕೈ ಎಷ್ಟು ಬೇಗ ಸಹಿಗೆ ಮುಂದಾಗುತ್ತದೆಂಬುದು ಆ ದಿನ ನನಗೆ ಅರ್ಥವಾಯಿತು.

ಕೊನೆಗೆ ದಾರಿ ಸಿಕ್ಕಿದ್ದು ನಂದಿನಿ ಹಾಲಿನ ಬೂತಿನಲ್ಲಿ. ಬೂತಿನ ಅಮ್ಮ ತಮ್ಮ ಮೊಮ್ಮಗನಿಗೆ ಹೇಳಿಕೊಡುವ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರು ಕೆ.ಆರ್. ಪುರಂನಲ್ಲಿದ್ದಾರೆ, ಬೋರ್ಡು ಹಾಕಿಲ್ಲ, ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವುದು ಎಂದರು. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳವು. ದರ್ಶನಕ್ಕೆ ಬಂದವರ ವಾಹನಗಳಿಂದ ಪೇಟೆಯ ರಸ್ತೆಗಳೆಲ್ಲ ತುಂಬಿ, ಆಟೊ ಸಿಗದೆ, ಮಗಳನ್ನೂ ಮಗನನ್ನೂ ನಡೆಸಿಕೊಂಡೇ ಹೋದೆ.

ಮೇಷ್ಟ್ರು ಅಂಕಪಟ್ಟಿ ನೋಡಲಿಲ್ಲ. ಏಳನೆಯ ತರಗತಿಯವರೆಗೆ ಎಲ್ಲಿ ಓದಿದ್ದು ಎಂದು ಕೇಳಿದರು. ನಾಲ್ಕು ತಿಂಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಇಂಗ್ಲಿಷಿನಲ್ಲಿ ಒಂದು ಲೆಕ್ಕ ಬರೆದು ಕೊಟ್ಟರು. ಮಗಳು ಪೆನ್ನು ಹಿಡಿದು ಸುಮ್ಮನೆ ಕೂತಳು. "ಡಿನಾಮಿನೇಟರ್ ಅಂದ್ರೆ ಏನಮ್ಮ?" ಉತ್ತರವಿಲ್ಲ. "ಛೇದ. ಎರಡು ಛೇದಗಳ ಲ.ಸಾ.ಅ. ತೆಗಿ, ಆಮೇಲೆ ಕೂಡು." ಐದರ ಕೆಳಗೆ ಆರು, ಮೂರರ ಕೆಳಗೆ ಎಂಟು. "ಓ, ಛೇದಾನಾ ಸರ್" ಎಂದವಳೇ 24 ಎಂದು ಬರೆದು, ಇಪ್ಪತ್ತೊಂಬತ್ತರ ಕೆಳಗೆ ಇಪ್ಪತ್ತನಾಲ್ಕು ಎಂದು ಮುಗಿಸಿದಳು. ಅವಳು ನನ್ನ ಕಡೆ ತಿರುಗಿ ನೋಡಿದಳು. ನನ್ನ ಗಂಟಲು ಕಟ್ಟಿತು. ಒಂದೂಕಾಲು ವರ್ಷ ಈ ಮಗು ತನಗೆ ಲೆಕ್ಕ ಬರುವುದಿಲ್ಲವೆಂದು ನಂಬಿಕೊಂಡಿತ್ತು, ನಾವೂ ನಂಬಿದ್ದೆವು.

ಅಷ್ಟಕ್ಕೆ ಮೇಷ್ಟ್ರು ನಿಲ್ಲಿಸಲಿಲ್ಲ. ಎಕ್ಸ್ ಕೂಡಿಸು ಮೂರು, ಎಕ್ಸ್ ಕಳೆ ನಾಲ್ಕು, ಇವೆರಡನ್ನು ಗುಣಿಸು ಎಂದು ಕನ್ನಡದಲ್ಲೇ ಹೇಳಿದರು. ಅಲ್ಲಿ ಅವಳು ಚಿಹ್ನೆ ತಪ್ಪಿದಳು. ಋಣ ಎಕ್ಸ್ ಬರಬೇಕಾದ ಕಡೆ ಧನ ಎಕ್ಸ್ ಬರೆದಳು. ಅದೇ ಬಗೆಯ ಇನ್ನೆರಡು ಲೆಕ್ಕದಲ್ಲೂ ಅದೇ ತಪ್ಪು. "ನೋಡಮ್ಮ," ಎಂದು ನನ್ನನ್ನು ಕರೆದು ತೋರಿಸಿದರು, "ಮೊದಲಿಂದು ಬರೀ ಹೆಸರಿನ ತೊಂದರೆ, ಒಂದು ತಿಂಗಳಲ್ಲಿ ಹೋಗುತ್ತೆ. ಇದು ಎಂಟನೇ ಕ್ಲಾಸಿನ ಬಾಕಿ. ಇದನ್ನ ತೀರಿಸದೆ ಒಂಬತ್ತರ ಪಾಠ ಎಷ್ಟು ಹೇಳಿದ್ರೂ ನಿಲ್ಲಲ್ಲ." ಸೆಂಟರಿನವರೂ, ಆ ಹುಡುಗನೂ ಒಂಬತ್ತನೆಯ ತರಗತಿಯ ಪಾಠವನ್ನೇ ಮತ್ತೆ ಮತ್ತೆ ಹೇಳಿದ್ದರು.

ಆದರೆ ಜಾಗವಿರಲಿಲ್ಲ. ಆರು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಡಿಸೆಂಬರ್‌ನಲ್ಲಿ ಒಬ್ಬ ಹುಡುಗ ಬಿಡುತ್ತಾನೆ, ಆಗ ಬನ್ನಿ ಎಂದರು. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಐದು ವಾರ ಕಾಯಬೇಕಾಯಿತು. ಆದರೆ ಆ ಐದು ವಾರಕ್ಕೆ ಅವರು ಕೊಟ್ಟ ಕೆಲಸವೇ ಅರ್ಧ ಪಾಠವಾಯಿತು ಎಂದು ಈಗ ಅನ್ನಿಸುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಗಣಿತದಲ್ಲಿ ಎರಡೂ ಒಂದೇ ಪುಸ್ತಕದ ಎರಡು ಭಾಷೆಯ ರೂಪಗಳು. ಅದೇ ಅಧ್ಯಾಯ, ಅದೇ ಅಭ್ಯಾಸ, ಅದೇ ಲೆಕ್ಕ. ಕನ್ನಡದ ಪುಸ್ತಕವನ್ನು ಇಳಿಸಿಕೊಂಡು ಬೇಕಾದ ಅಧ್ಯಾಯಗಳನ್ನು ಮುದ್ರಿಸಿಕೊಂಡೆವು. ಇಂಗ್ಲಿಷ್ ಪುಸ್ತಕದ ಪಕ್ಕ ಅದನ್ನಿಟ್ಟುಕೊಂಡು ಮಗಳು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದು ಕಡೆ ರೇಷನಲ್ ನಂಬರ್, ಇನ್ನೊಂದು ಕಡೆ ಭಾಗಲಬ್ಧ ಸಂಖ್ಯೆ, ಪಾಲಿನಾಮಿಯಲ್, ಬಹುಪದೋಕ್ತಿ, ಕಾಂಗ್ರುಯೆನ್ಸ್, ಸರ್ವಸಮತೆ, ರೇಡಿಯಸ್, ತ್ರಿಜ್ಯ ಎಂದು ಬರೆಯುತ್ತಾ ಹೋದಳು. ಇದಕ್ಕೆ ಯಾವ ಮೇಷ್ಟ್ರೂ ಬೇಕಿಲ್ಲ. ಲೆಕ್ಕ ಬಾರದ ನಾನೂ ಪಕ್ಕದಲ್ಲಿ ಕೂತು ಓದಿ ಹೇಳಬಲ್ಲವಳಾದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿದ್ದರೆ ಟ್ಯೂಷನ್ ಹುಡುಕುವುದಕ್ಕೂ ಮೊದಲು ಎಂಟನೆಯ ತರಗತಿಯ ಬೇಸಿಗೆ ರಜೆಯಲ್ಲೇ ಇದನ್ನು ಮಾಡಿಸಿಬಿಡಿ.

ಮಗ ಆರನೆಯ ತರಗತಿ. ಹೋಗುವುದು ಹೋಗುತ್ತೇವೆ, ಇವನಿಗೂ ಹೇಳಿಕೊಡಿ ಎಂದು ಕೇಳಿದ್ದೆ. ಮೇಷ್ಟ್ರು ಅವನಿಗೆ ಹನ್ನೆರಡರವರೆಗಿನ ಮಗ್ಗಿ ಕೇಳಿ, ಏಳು ಎಂಟರಲ್ಲಿ ತಡವರಿಸಿದ್ದನ್ನು ಗುರುತಿಸಿ, ಇವನಿಗೆ ಟ್ಯೂಷನ್ ಬೇಡ, ಸಂಜೆ ಆಟ ಬೇಕು, ಮಗ್ಗಿ ನೀವೇ ಹೇಳಿಸಿ ಎಂದು ಕಳಿಸಿದರು. ಬರುವ ಶುಲ್ಕವನ್ನು ಬೇಡವೆಂದ ಆ ಮಾತಿನಿಂದಲೇ ನನಗೆ ಇವರ ಬಳಿಯೇ ಕಾಯಬೇಕೆಂಬ ನಿರ್ಧಾರ ಗಟ್ಟಿಯಾಯಿತು.

ಡಿಸೆಂಬರ್ ಎರಡನೆಯ ವಾರದಿಂದ ಪಾಠ ಶುರುವಾಯಿತು. ವಾರಕ್ಕೆ ಮೂರು ದಿನ, ಸಂಜೆ ಐದೂವರೆಯಿಂದ ಏಳು. ಶುಲ್ಕ ತಿಂಗಳಿಗೆ 1,000 ರೂಪಾಯಿ, ತಿಂಗಳ ಕೊನೆಯಲ್ಲಿ. ಆಟೊ ಖರ್ಚು ಶುಲ್ಕಕ್ಕಿಂತ ಹೆಚ್ಚಾಗತೊಡಗಿದ್ದರಿಂದ, ಅದೇ ದಾರಿಯ ಇನ್ನೊಬ್ಬ ಹುಡುಗಿಯ ತಾಯಿಯ ಜೊತೆ ಮಾತಾಡಿ, ಒಂದು ದಿನ ಅವರು ಒಂದು ದಿನ ನಾನು ಮಕ್ಕಳನ್ನು ಕರೆದುಕೊಂಡು ಬರುವಂತೆ ಮಾಡಿಕೊಂಡೆವು. ಮೊದಲ ತಿಂಗಳು ಪೂರ್ತಿ ಎಂಟನೆಯ ತರಗತಿಯ ಪುಸ್ತಕವೇ. ಶಾಲೆಯಲ್ಲಿ ಪಾಠ ಮುಂದೆ ಹೋಗುತ್ತಿರುವಾಗ ಇಲ್ಲಿ ಹಿಂದಕ್ಕೆ ಹೋಗುವುದನ್ನು ನೋಡಿ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಜನವರಿಯ ಕಿರುಪರೀಕ್ಷೆಯಲ್ಲಿ ಅಂಕ ಹೆಚ್ಚೇನೂ ಏರಲೂ ಇಲ್ಲ. ಯಜಮಾನರು ಒಂದು ಭಾನುವಾರ ತಾವೇ ಹೋಗಿ ಮೇಷ್ಟ್ರನ್ನು ವಿಚಾರಿಸಿ ಬಂದು, "ಗಿಡದ ಬುಡ ಬಿಡಿಸ್ತಿದಾರೆ, ಈಗ್ಲೇ ಹಣ್ಣು ಕೇಳ್ಬೇಡ" ಎಂದರು. ಫೆಬ್ರುವರಿಯಲ್ಲಿ ಮಗಳು ಶಾಲೆಯಲ್ಲಿ ಮೊದಲ ಬಾರಿಗೆ ಕೈ ಎತ್ತಿ ಬೋರ್ಡಿನ ಮೇಲೆ ಲೆಕ್ಕ ಮಾಡಿದಳಂತೆ. ಅದನ್ನು ಅವಳು ಹೇಳಲಿಲ್ಲ, ಜೊತೆಯ ಹುಡುಗಿ ಹೇಳಿದಳು.

ವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 49 ಬಂದಿದೆ. ಒಟ್ಟು ಖರ್ಚು ನೋಡಿದರೆ ಸೆಂಟರಿನಲ್ಲಿ ಹೋದದ್ದು 6,000, ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕೊಟ್ಟದ್ದು 4,500, ಮೇಷ್ಟ್ರಿಗೆ ನಾಲ್ಕು ತಿಂಗಳಿಗೆ 4,000, ಮುದ್ರಣ ಮತ್ತು ಆಟೊ ಸೇರಿ ಇನ್ನೂ 3,000ದ ಆಸುಪಾಸು. ರೇಖಾಗಣಿತದ ಪ್ರಮೇಯಗಳು ಅವಳಿಗೆ ಈಗಲೂ ಕಷ್ಟ, ಇಂಗ್ಲಿಷಿನಲ್ಲಿ ಸಾಧನೆ ಬರೆಯುವಾಗ ವಾಕ್ಯ ನಿಲ್ಲುತ್ತದೆ. ಮೇಷ್ಟ್ರು ಏಪ್ರಿಲ್ ಪೂರ್ತಿ ಅದನ್ನೇ ಹಿಡಿದುಕೊಳ್ಳೋಣ ಎಂದಿದ್ದಾರೆ. ಮೇನಲ್ಲಿ ಅವರು ಯಾರಿಗೂ ಪಾಠ ಮಾಡುವುದಿಲ್ಲ, ಮಕ್ಕಳು ಊರಿಗೆ ಹೋಗಬೇಕು ಎನ್ನುತ್ತಾರೆ. ಎರಡು ಸಾಲಿನ ಆ ನೋಟ್‌ಬುಕ್ಕನ್ನು ಎದುರುಮನೆಯವರು ಕೇಳಿ ಪಡೆದು ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ; ಅವರ ಮಗ ಈ ಜೂನ್‌ನಲ್ಲಿ ಕನ್ನಡ ಮಾಧ್ಯಮದ ಏಳನೆಯ ತರಗತಿಯಿಂದ ನನ್ನ ಮಗಳ ಶಾಲೆಗೇ ಎಂಟಕ್ಕೆ ಬರುತ್ತಿದ್ದಾನೆ.